ಬೋಗುಣಿಯ ಕಲಾಯಿ, ಸಾರಿನಲ್ಲಿ ಸೀಸ: ಪುಣೆಯ ಒಂದು ಪ್ರಕರಣ

ನಾಲ್ಕು ವರ್ಷದ ಹುಡುಗ. ಹಿಮೋಗ್ಲೋಬಿನ್ ಕಡಿಮೆ. ಕಬ್ಬಿಣದ ಸಿರಪ್ ಕೊಟ್ಟರೂ ಏರುತ್ತಿಲ್ಲ. ಊಟ ಅಂದರೆ ಮುಖ ತಿರುಗಿಸುತ್ತಾನೆ. ಮನೆ ಪುಣೆಯ ಕೋಥ್ರೂಡ್ ಕಡೆ, ಊರು ಧಾರವಾಡ. ಮಕ್ಕಳ ಡಾಕ್ಟರಿಗೆ ಏನೋ ಅನುಮಾನ ಬಂದು ರಕ್ತದಲ್ಲಿ ಸೀಸ ನೋಡಿಸಿದರು. ಡೆಸಿಲೀಟರಿಗೆ 20 ಮೈಕ್ರೋಗ್ರಾಂ ಆಸುಪಾಸು ಬಂತು.

ಸೀಸಕ್ಕೆ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. 5 ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. 45 ಮುಟ್ಟಿದರೆ ಸೀಸವನ್ನು ಹೊರಗೆಳೆಯುವ ಔಷಧಿಯ ಮಾತು ಬರುತ್ತದೆ. ಈ ಹುಡುಗ ಎರಡರ ನಡುವೆ ಇದ್ದ. ಹೀಗಾಗಿ ಔಷಧಿಗಿಂತ ಮೊದಲು ಸೀಸ ಎಲ್ಲಿಂದ ಬರುತ್ತಿದೆ ಅನ್ನೋದು ಗೊತ್ತಾಗಬೇಕಿತ್ತು. ಕಬ್ಬಿಣ ಕಡಿಮೆ ಇರುವ ಮಗುವಿನ ಕರುಳು ಸೀಸವನ್ನು ಇನ್ನೂ ಜಾಸ್ತಿ ಹೀರುತ್ತದೆ. ತಡ ಮಾಡುವ ಹಾಗಿರಲಿಲ್ಲ.

ಹುಡುಗನ ತಂದೆ ತಾಯಿ ಮನೆಯಿಂದಲೇ ಅಡುಗೆ ಮಾಡಿ ಕೊಡುತ್ತಾರೆ. ದಿನಾ ಒಂದಷ್ಟು ಕಾಲೇಜು ಹುಡುಗರಿಗೆ ಡಬ್ಬಿ, ಆಗಾಗ ನಾಮಕರಣ, ಸತ್ಯನಾರಾಯಣ ಪೂಜೆಯ ಊಟದ ಆರ್ಡರ್. ಪುಣೆಯ ಕನ್ನಡದವರ ಕಾರ್ಯಕ್ರಮಗಳಲ್ಲಿ ಅವರ ಕೈಯೂಟ ಉಂಡವನು ನಾನು. ನಾನು ಕೆಲಸ ಮಾಡುವುದು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಪತ್ತೆ ಮಾಡುವ ಸೆನ್ಸರಿನ ಮೇಲೆ ಅಂತ ಅವರಿಗೆ ಗೊತ್ತಿತ್ತು. ಬಾಟಲಿಯಲ್ಲಿ ನಲ್ಲಿ ನೀರು ಹಿಡಿದುಕೊಂಡು ಬಂದರು. ಮನೆಯವರ ಒಪ್ಪಿಗೆ ಪಡೆದು, ಗುರುತು ಬಿಟ್ಟು ಬರೆಯುತ್ತಿದ್ದೇನೆ.

ನೀರಿನ ಮೇಲೆ ಅನುಮಾನ ಸಹಜವೇ. ಹಳೆ ಪಿವಿಸಿ ಪೈಪುಗಳಲ್ಲಿ ಪ್ಲಾಸ್ಟಿಕ್ ಕೆಡದಿರಲಿ ಅಂತ ಹಾಕುವ ಸೀಸದ ಸ್ಟೆಬಿಲೈಸರ್ ಇರುತ್ತಿತ್ತು. ಅದನ್ನು ಕೈಬಿಡಿಸುವ ನಿಯಮ ನಮ್ಮಲ್ಲಿ ಬಂದದ್ದೇ 2021ರಲ್ಲಿ. ಹಿತ್ತಾಳೆ ನಲ್ಲಿಗಳಲ್ಲೂ ಸ್ವಲ್ಪ ಸೀಸ ಇರುತ್ತದೆ, ಕಡೆಯಲು ಹಗುರಾಗಲಿ ಅಂತ ಸೇರಿಸುತ್ತಾರೆ. ಆದರೆ ಹಗಲು ಹೊತ್ತು ನಲ್ಲಿ ಬಿಟ್ಟು ಹಿಡಿದ ನೀರಿನಿಂದ ಏನೂ ಗೊತ್ತಾಗುವುದಿಲ್ಲ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು, ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ಬೇಕು. ಅದರ ಜೊತೆಗೆ ಐದು ನಿಮಿಷ ಬಿಟ್ಟ ಮೇಲಿನ ನೀರೂ ಬೇಕು. ಎರಡನ್ನೂ ತರಿಸಿದೆವು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹಾಕಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಸೀಸ, ಅಂದರೆ 10 ಮೈಕ್ರೋಗ್ರಾಂ. ಇದನ್ನೇ 10 ಪಿಪಿಬಿ, ನೂರು ಕೋಟಿಯಲ್ಲಿ ಹತ್ತು ಭಾಗ ಅನ್ನುತ್ತಾರೆ. ಎರಡೂ ಬಾಟಲಿಗಳು ಅದಕ್ಕಿಂತ ತುಂಬಾ ಕೆಳಗಿದ್ದವು.

"ನೀರು ಚೊಲೊ ಅದ ಅಂತೀರಿ. ಮತ್ತ ಸೀಸ ಎಲ್ಲಿಂದ ಬಂತ್ರೀ ಸರ?" ಅಂದರು ವೈನಿ, ಹುಡುಗನ ತಾಯಿ.

ಮನೆ ನೋಡಲು ಹೋದೆವು. ಗೋಡೆ ಬಣ್ಣ ಹೊಸದು. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ 2017ರಿಂದ ಜಾರಿಯಲ್ಲಿದೆ. ಕಣ್ಣಿಗೆ ಕಾಡಿಗೆ ಹಚ್ಚುವ ಅಭ್ಯಾಸ ಇಲ್ಲ. ಭಸ್ಮದ ಔಷಧಿ ಕೊಟ್ಟಿಲ್ಲ. ಬ್ಯಾಟರಿ ಕೆಲಸದವರು ಮನೆಯಲ್ಲಿ ಯಾರೂ ಇಲ್ಲ. ಅರಿಶಿನದ ಡಬ್ಬಿ ತೆಗೆದುಕೊಂಡೆವು, ಹಳದಿ ಎದ್ದು ಕಾಣಲಿ ಅಂತ ಲೆಡ್ ಕ್ರೋಮೇಟ್ ಅನ್ನುವ ಸೀಸದ ಬಣ್ಣ ಬೆರೆಸುವವರಿದ್ದಾರೆ. ಕೊನೆಗೆ ಒಲೆಯ ಮೇಲೆ ಕಣ್ಣು ಹೋಯಿತು. ದೊಡ್ಡ ಹಿತ್ತಾಳೆ ಬೋಗುಣಿ, ಒಳಗೆ ಬೆಳ್ಳಗೆ ಹೊಳೆಯುವ ಕಲಾಯಿ. ಡಬ್ಬಿಯ ಸಾರು ದಿನಾ ಅದರಲ್ಲೇ ಕುದಿಯುತ್ತದೆ. ಸ್ಟೀಲಿನಲ್ಲಿ ಮಾಡಿದರೆ ಆ ರುಚಿ ಬರೋದಿಲ್ಲ ಅಂತ ಅವರ ನಂಬಿಕೆ. ಹಿಂದಿನ ದೀಪಾವಳಿಗೆ ಗಲ್ಲಿಗೆ ಬಂದ ಕಲಾಯಿವಾಲಾನ ಹತ್ತಿರ ಹೊಸ ಕಲಾಯಿ ಹಾಕಿಸಿದ್ದರು. ಮಿಕ್ಕ ಸಾರು ರಾತ್ರಿಯೆಲ್ಲ ಅದರಲ್ಲೇ ಇರುತ್ತದೆ. ಬೆಳಿಗ್ಗೆ ಬಿಸಿ ಮಾಡಿ ಹುಡುಗನಿಗೆ ಅನ್ನದ ಜೊತೆ ಕಲಸಿ ಕೊಡುತ್ತಾರೆ.

ಹುಣಸೆಹಣ್ಣಿನ ಹುಳಿ, ಉಪ್ಪು, ಕುದಿ, ಮೇಲೆ ಒಂದು ರಾತ್ರಿ. ಲೋಹ ಬಿಡಿಸಿಕೊಳ್ಳಲು ರಸಾಯನಶಾಸ್ತ್ರದವರು ಕೂತು ಯೋಚಿಸಿದರೂ ಇದಕ್ಕಿಂತ ಒಳ್ಳೆ ವಿಧಾನ ಸಿಗುವುದು ಕಷ್ಟ. ಪಿಂಗಾಣಿ ಪಾತ್ರೆಗಳಿಂದ ಸೀಸ ಬಿಡುತ್ತದೆಯೇ ಅಂತ ನೋಡುವ ಅಂತಾರಾಷ್ಟ್ರೀಯ ಪರೀಕ್ಷೆಯೂ ಹೆಚ್ಚುಕಮ್ಮಿ ಹೀಗೇ. 4 ಶೇಕಡಾ ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಇಡುತ್ತಾರೆ.

ನಮ್ಮ ಸೆನ್ಸರ್ ಏನು, ಹೇಗೆ ಕೆಲಸ ಮಾಡುತ್ತದೆ ಅಂತ ಇಲ್ಲಿ ಹೇಳಬೇಕು. ವಿಧಾನದ ಹೆಸರು ಆನೋಡಿಕ್ ಸ್ಟ್ರಿಪ್ಪಿಂಗ್ ವೋಲ್ಟಮೆಟ್ರಿ. ದ್ರಾವಣದಲ್ಲಿ ಎಲೆಕ್ಟ್ರೋಡ್, ಅಂದರೆ ಕರೆಂಟು ಹಾಯಿಸುವ ತುದಿ, ಅದ್ದಿ ಮೈನಸ್ 1.2 ವೋಲ್ಟ್ ಕೊಟ್ಟು ಕೆಲವು ನಿಮಿಷ ಕಲಕುತ್ತಾ ಇರಬೇಕು. ನೀರಿನಲ್ಲಿ ಕರಗಿರುವ ಸೀಸದ ಅಯಾನುಗಳು ಎಲೆಕ್ಟ್ರಾನ್ ಪಡೆದು ಲೋಹವಾಗಿ ಎಲೆಕ್ಟ್ರೋಡಿನ ಮೇಲೆ ಕೂರುತ್ತವೆ. ಆಮೇಲೆ ವೋಲ್ಟೇಜನ್ನು ಮೆಲ್ಲಗೆ ಪ್ಲಸ್ ಕಡೆಗೆ ಏರಿಸುತ್ತಾ ಹೋದರೆ ಒಂದೊಂದು ಲೋಹವೂ ತನ್ನ ತನ್ನ ವೋಲ್ಟೇಜಿನಲ್ಲಿ ಎದ್ದು ಹೋಗುತ್ತದೆ. ಕ್ಯಾಡ್ಮಿಯಂ ಮೈನಸ್ 0.8 ಸುತ್ತ, ಸೀಸ ಮೈನಸ್ 0.55 ಸುತ್ತ. ಹೋಗುವಾಗ ಕರೆಂಟಿನಲ್ಲಿ ಒಂದು ಉಬ್ಬು ಬರುತ್ತದೆ. ಉಬ್ಬು ಎಲ್ಲಿದೆ ಅನ್ನೋದು ಯಾವ ಲೋಹ ಅಂತ ಹೇಳುತ್ತದೆ, ಎಷ್ಟು ಎತ್ತರ ಅನ್ನೋದು ಎಷ್ಟಿದೆ ಅಂತ ಹೇಳುತ್ತದೆ. ನಿಮಿಷಗಟ್ಟಲೆ ಕೂಡಿಟ್ಟದ್ದನ್ನು ಸೆಕೆಂಡುಗಳಲ್ಲಿ ಬಿಡಿಸುವುದರಿಂದಲೇ ಇಷ್ಟು ಕಡಿಮೆ ಪ್ರಮಾಣವೂ ಕಾಣುತ್ತದೆ.

ಈ ಶಾಸ್ತ್ರದ ಬೇರು ಪಾದರಸದಲ್ಲಿದೆ. 1922ರಲ್ಲಿ ಜೆಕ್ ರಸಾಯನಶಾಸ್ತ್ರಜ್ಞ ಯಾರೊಸ್ಲಾವ್ ಹೇಯ್ರೋವ್‌ಸ್ಕಿ ಪಾದರಸದ ಹನಿಯನ್ನೇ ಎಲೆಕ್ಟ್ರೋಡ್ ಮಾಡಿಕೊಂಡು ಕರೆಂಟಿನಿಂದ ದ್ರಾವಣದಲ್ಲಿ ಏನಿದೆ ಅಂತ ಅಳೆಯುವ ಪೋಲರೋಗ್ರಫಿ ಶುರು ಮಾಡಿದರು. 1959ರಲ್ಲಿ ಅದಕ್ಕೆ ನೊಬೆಲ್ ಬಂತು. ಸ್ಟ್ರಿಪ್ಪಿಂಗ್ ಬೆಳೆದದ್ದು ಅದೇ ಹಾದಿಯಲ್ಲಿ. ವಿಷ ಹುಡುಕಲು ಇನ್ನೊಂದು ವಿಷ ಬಳಸುವ ಪಾಡು. 2000ದಲ್ಲಿ ಜೋಸೆಫ್ ವಾಂಗ್ ಮತ್ತು ಜೊತೆಗಾರರು ಪಾದರಸದ ಜಾಗಕ್ಕೆ ಬಿಸ್ಮತ್ ಅನ್ನುವ ಲೋಹ ತಂದರು. ಬಿಸ್ಮತ್ ಸೀಸದ ಜೊತೆ ಸುಲಭವಾಗಿ ಬೆರೆಯುತ್ತದೆ, ವಿಷವೂ ಅಲ್ಲ ಅನ್ನಬಹುದಾದಷ್ಟು ಸೌಮ್ಯ. ನಾವು ಬಳಸುವುದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾರ್ಬನ್ ಶಾಯಿಯಲ್ಲಿ ಮುದ್ರಿಸಿದ ಎಲೆಕ್ಟ್ರೋಡ್. ಅದರ ಮೇಲೆ ರೆಡ್ಯೂಸ್ಡ್ ಗ್ರಾಫೀನ್ ಆಕ್ಸೈಡ್ ಮತ್ತು ಬಿಸ್ಮತ್ ನ್ಯಾನೋಕಣಗಳ ಪದರ. ಗ್ರಾಫೀನ್ ಅಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಕಾರ್ಬನ್ ಹಾಳೆ. ಈ ಹಾಳೆಗಳಿಂದ ಮೇಲ್ಮೈ ಜಾಸ್ತಿಯಾಗುತ್ತದೆ, ಕರೆಂಟು ಸಲೀಸಾಗಿ ಹರಿಯುತ್ತದೆ. ಹಾಳೆಯಲ್ಲಿ ಉಳಿದ ಆಮ್ಲಜನಕದ ಗುಂಪುಗಳು ಸೀಸದ ಅಯಾನುಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಬಿಸ್ಮತ್ ಕಣಗಳು ಸೀಸ ಕೂರಲು ಜಾಗ ಕೊಡುತ್ತವೆ.

ಓದಲು ಚೆನ್ನಾಗಿದೆ, ಅಲ್ವಾ? ನಿಜವಾದ ಪರದಾಟ ಇರುವುದು ಹನಿ ಹಾಕುವುದರಲ್ಲಿ. ಐದು ಮೈಕ್ರೋಲೀಟರ್ ಕಪ್ಪು ದ್ರವವನ್ನು ಪಿಪೆಟ್ಟಿನಿಂದ ಎಲೆಕ್ಟ್ರೋಡಿನ ಮೇಲೆ ಬಿಟ್ಟು ಒಣಗಲು ಇಟ್ಟರೆ ಕಣಗಳೆಲ್ಲ ಅಂಚಿಗೆ ಓಡಿ ಉಂಗುರ ಕಟ್ಟುತ್ತವೆ. ನಡುವೆ ಬೋಳು. ಪುಣೆಯ ಮಳೆಗಾಲದಲ್ಲಿ ಒಣಗುವುದೇ ತಡ, ಉಂಗುರದ ಆಕಾರವೇ ಬೇರೆ. ಒಂದೇ ದಿನ ಮಾಡಿದ ಪಟ್ಟಿಗಳೂ ಒಂದೇ ಥರ ಇರುವುದಿಲ್ಲ. ಅದಕ್ಕೇ ಒಂದು ಪಟ್ಟಿಯ ಓದನ್ನು ಇನ್ನೊಂದು ಪಟ್ಟಿಯ ಕ್ಯಾಲಿಬ್ರೇಶನ್ ಗೆರೆಗೆ, ಅಂದರೆ ಗೊತ್ತಿರುವ ಪ್ರಮಾಣಗಳನ್ನು ಅಳೆದು ಎಳೆದ ಗೆರೆಗೆ, ಹೋಲಿಸುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಪಟ್ಟಿಯ ಮೇಲೂ ಅದರದೇ ಲೆಕ್ಕ ಆಗಬೇಕು.

ಇನ್ನೊಂದು ಮಾತು. ಈ ಕ್ಷೇತ್ರದ ಪ್ರಬಂಧಗಳು ಪಿಪಿಬಿಯ ನೂರನೇ ಒಂದು ಭಾಗ ಕಂಡುಹಿಡಿದೆವು ಅಂತ ಪೈಪೋಟಿಗೆ ಬೀಳುತ್ತವೆ. ಮಿತಿಯೇ 10 ಪಿಪಿಬಿ ಇರುವಾಗ ಅಷ್ಟು ಸೂಕ್ಷ್ಮ ಯಾರಿಗೆ ಬೇಕು? ಶುದ್ಧ ನೀರಿಗೆ ಹುಳಿಯ ಮಟ್ಟ ಏರುಪೇರಾಗದಂತೆ ಹಿಡಿದಿಡುವ ಅಸಿಟೇಟ್ ಬಫರ್ ಹಾಕಿ, ಪಿಎಚ್ 4.5ಕ್ಕೆ ತಂದು, ತಾವೇ ಸೀಸ ಬೆರೆಸಿ, ತಾವೇ ಹುಡುಕಿದರೆ ಸಿಗದೆ ಇನ್ನೇನು? ಹುಳಿ, ಬೇಳೆ, ಎಣ್ಣೆ, ಇಂಗು ಇರುವ ಸಾರಿನಲ್ಲಿ ಅದೇ ಪಟ್ಟಿ ಏನು ಹೇಳುತ್ತದೆ ಅನ್ನೋದು ನಿಜವಾದ ಪರೀಕ್ಷೆ.

ಸಾರನ್ನು ಸೋಸಿ, ಬಫರ್ ಹಾಕಿ ನೇರ ಅಳೆದಾಗ ಮೈನಸ್ 0.5ರ ಹತ್ತಿರ ಒಂದು ಗಿಡ್ಡ, ಅಗಲವಾದ ಉಬ್ಬು ಬಂತು. ಅದಕ್ಕೆ ಗೊತ್ತಿರುವ ಪ್ರಮಾಣದ ಸೀಸ ಸೇರಿಸಿ ನೋಡಿದೆವು. ಬರೀ ಬಫರಿನಲ್ಲಿ ಏರಬೇಕಾದಷ್ಟು ಎತ್ತರ ಏರಲೇ ಇಲ್ಲ. ಬೇಳೆಯ ಪ್ರೋಟೀನು ಮತ್ತು ಎಣ್ಣೆ ಎಲೆಕ್ಟ್ರೋಡಿಗೆ ಮೆತ್ತಿಕೊಳ್ಳುತ್ತವೆ. ಹುಣಸೆಯ ಟಾರ್ಟಾರಿಕ್ ಆಮ್ಲ ಸೀಸವನ್ನು ಹಿಡಿದುಕೊಳ್ಳುತ್ತದೆ. ಉಪ್ಪಿನದು ಇನ್ನೊಂದು ತಕರಾರು: ನಮ್ಮ ಪಟ್ಟಿಯಲ್ಲಿ ವೋಲ್ಟೇಜು ಅಳೆಯಲು ಆಧಾರವಾಗಿರುವ ರೆಫರೆನ್ಸ್ ಎಲೆಕ್ಟ್ರೋಡ್ ಬೆಳ್ಳಿ ಶಾಯಿಯದು, ದ್ರಾವಣದಲ್ಲಿ ಕ್ಲೋರೈಡ್ ಎಷ್ಟಿದೆ ಅನ್ನುವುದರ ಮೇಲೆ ಅದರ ವೋಲ್ಟೇಜು ಸರಿಯುತ್ತದೆ. ಸಾರಿಗೆ ಉಪ್ಪು ಜಾಸ್ತಿ ಬಿದ್ದರೆ ಸೀಸದ ಉಬ್ಬೂ ಪಕ್ಕಕ್ಕೆ ಜರುಗುತ್ತದೆ! ಇದಕ್ಕೆ ಉಪಾಯ ಸುಲಭ. ಎಲ್ಲ ಮಾದರಿಗೂ ಒಂದೇ ಅಳತೆಯಲ್ಲಿ ಬೇಕಾದಷ್ಟು ಪೊಟ್ಯಾಸಿಯಂ ಕ್ಲೋರೈಡ್ ಹಾಕಿಬಿಟ್ಟರೆ ಸಾರಿನ ಉಪ್ಪಿನ ಹೆಚ್ಚುಕಮ್ಮಿ ಲೆಕ್ಕಕ್ಕೆ ಬರುವುದಿಲ್ಲ.

ಇವೆಲ್ಲ ಸಣ್ಣವು. ದೊಡ್ಡ ತೊಡಕು ಬೇರೆ ಇತ್ತು. ಕಲಾಯಿ ಅಂದರೆ ತವರ. ತವರದ ಉಬ್ಬು ಬರುವುದೂ ಸೀಸದ ಉಬ್ಬಿನ ಪಕ್ಕದಲ್ಲೇ, ಎಷ್ಟೋ ದ್ರಾವಣಗಳಲ್ಲಿ ಒಂದರ ಮೇಲೊಂದು ಬೀಳುತ್ತವೆ. ಹೊಸ ಕಲಾಯಿ ಹಾಕಿದ ಪಾತ್ರೆಯ ಹುಳಿಯಲ್ಲಿ ತವರ ಇದ್ದೇ ಇರುತ್ತದೆ. ಅಷ್ಟರಿಂದ ಭಯವಿಲ್ಲ. ಮೈನಸ್ 0.5ರ ಉಬ್ಬು ನೋಡಿ "ಸೀಸ ಸಿಕ್ಕಿತು" ಅಂತ ಹೇಳಿಬಿಟ್ಟಿದ್ದರೆ ಶುದ್ಧ ತವರ ಹಾಕಿದ ಪ್ರಾಮಾಣಿಕ ಕೆಲಸಗಾರನೂ ಸಿಕ್ಕಿಬೀಳುತ್ತಿದ್ದ. ಜೊತೆಗೆ ಹಿತ್ತಾಳೆಯ ತಾಮ್ರ ಬೇರೆ. ಅದೂ ಎಲೆಕ್ಟ್ರೋಡಿನ ಮೇಲೆ ಕೂತು ಬಿಸ್ಮತ್ತಿನ ಜೊತೆ ಜಾಗಕ್ಕೆ ಜಗಳವಾಡಿ ಸೀಸದ ಉಬ್ಬನ್ನು ತಗ್ಗಿಸುತ್ತದೆ.

ಇಲ್ಲಿ ಕೈಹಿಡಿದದ್ದು ನ್ಯಾನೋ ವಿದ್ಯೆಯಲ್ಲ, ಬಿಎಸ್ಸಿ ಲ್ಯಾಬಿನ ಹಳೆ ಪಾಠ. ತವರವನ್ನು ಗಟ್ಟಿ ನೈಟ್ರಿಕ್ ಆಮ್ಲದಲ್ಲಿ ಕಾಯಿಸಿದರೆ ಅದು ಕರಗಿ ಉಳಿಯುವುದಿಲ್ಲ. ಮೆಟಾಸ್ಟಾನಿಕ್ ಆಮ್ಲ ಅನ್ನುವ ಬಿಳಿ ಪುಡಿಯಾಗಿ ತಳ ಸೇರುತ್ತದೆ. ಸೀಸ ನೈಟ್ರೇಟಾಗಿ ದ್ರಾವಣದಲ್ಲೇ ಇರುತ್ತದೆ. ಹೇಗಿದ್ದರೂ ಬೇಳೆ, ಎಣ್ಣೆಯನ್ನೆಲ್ಲ ಸುಟ್ಟು ತೆಗೆಯಲು ನೈಟ್ರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕಾಯಿಸಲೇಬೇಕು. ಫ್ಯೂಮ್ ಹುಡ್ಡಿನ ಕೆಳಗೆ ಕಂದು ಹೊಗೆ ಎದ್ದು, ಕೆಂಪು ಸಾರು ಹಳದಿಗೆ ತಿರುಗಿ, ಆಮೇಲೆ ನೀರಿನಷ್ಟು ತಿಳಿಯಾಯಿತು. ತಳದಲ್ಲಿ ಬಿಳಿ ಮಡ್ಡಿ. ಸೋಸಿ, ಆಮ್ಲ ಆರಿಸಿ, ಬಫರಿನಲ್ಲಿ ಎತ್ತಿಕೊಂಡು, ತಾಮ್ರವನ್ನು ಕಟ್ಟಿಹಾಕಲು ಚೂರು ಫೆರೋಸಯನೈಡ್ ಸೇರಿಸಿ ಅಳೆದೆವು. ಉಬ್ಬು ಈಗ ಚೂಪಾಗಿತ್ತು, ಸೀಸದ ಜಾಗದಲ್ಲೇ ಇತ್ತು. ಸೀಸ ಸೇರಿಸಿದಷ್ಟೂ ನೆಟ್ಟಗೆ ಏರಿತು. ಆ ಬಿಳಿ ಮಡ್ಡಿ ಸ್ವಲ್ಪ ಸೀಸವನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ, ಹಾಗಾಗಿ ನಮಗೆ ಬಂದ ಅಂಕಿ ನಿಜಕ್ಕಿಂತ ತುಸು ಕಡಿಮೆಯೇ. ಆದರೂ ರಾತ್ರಿ ಕಳೆದ ಸಾರಿನಲ್ಲಿ ಲೀಟರಿಗೆ 600 ಮೈಕ್ರೋಗ್ರಾಂ ಹತ್ತಿರ ಸೀಸ ಇತ್ತು.

ಮಗುವಿನ ರಕ್ತದ ಅಂಕಿಗೂ ಇದಕ್ಕೂ ತಾಳೆ ಆಗುತ್ತದೆಯೇ? ಹುಡುಗ ದಿನಕ್ಕೆ ಸುಮಾರು 200 ಮಿಲಿಲೀಟರ್ ಸಾರು ತಿಂದರೆ 120 ಮೈಕ್ರೋಗ್ರಾಂ ಸೀಸ ಹೊಟ್ಟೆಗೆ. ಮಕ್ಕಳಲ್ಲಿ ದಿನದ ಪ್ರತಿ ಮೈಕ್ರೋಗ್ರಾಮಿಗೆ ರಕ್ತದ ಸೀಸ ಡೆಸಿಲೀಟರಿಗೆ 0.16 ಮೈಕ್ರೋಗ್ರಾಂ ಏರುತ್ತದೆ ಅನ್ನೋದು ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಬಳಸುವ ಅಂದಾಜು. ಗುಣಿಸಿದರೆ 19. ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ. ಆದರೆ ಬೇರೆ ದೊಡ್ಡ ಮೂಲ ಹುಡುಕುವ ಅಗತ್ಯವಿಲ್ಲ ಅನ್ನುವಷ್ಟು ಧೈರ್ಯ ಕೊಟ್ಟಿತು.

ಸಾರಿನಲ್ಲಿ ಸೀಸ ಇದೆ ಅಂದ ಮಾತ್ರಕ್ಕೆ ಕಲಾಯಿಯಿಂದಲೇ ಬಂತು ಅನ್ನುವ ಹಾಗಿಲ್ಲ. ಅರಿಶಿನ ಇದೆ, ಮೆಣಸಿನಪುಡಿ ಇದೆ, ಹಿತ್ತಾಳೆಯೇ ಇದೆ. ಆ ಮನೆಯಲ್ಲಿ ಇನ್ನೊಂದು ಸಣ್ಣ ಬೋಗುಣಿ ಇತ್ತು, ಎಷ್ಟೋ ವರ್ಷದ ಹಿಂದೆ ಧಾರವಾಡದಲ್ಲಿ ಕಲಾಯಿ ಹಾಕಿಸಿದ್ದು. ಅದೇ ನೀರು, ಅದೇ ಹುಣಸೆ, ಅದೇ ಪುಡಿ, ಅದೇ ಉಪ್ಪು ಹಾಕಿ ಮೂರು ಕಡೆ ಸಾರು ಕುದಿಸಿದೆವು: ಸ್ಟೀಲು, ಹಳೆ ಬೋಗುಣಿ, ಹೊಸ ಕಲಾಯಿಯ ಬೋಗುಣಿ. ಕುದಿಸಿದ ತಕ್ಷಣ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಮಾದರಿ ತೆಗೆದೆವು. ಸ್ಟೀಲಿನದು ಏನೂ ಇಲ್ಲ ಅನ್ನುವ ಹಾಗೆ. ಹಳೆ ಬೋಗುಣಿಯದು ಸ್ವಲ್ಪ. ಹೊಸದರಲ್ಲಿ ಕುದಿಸಿದ ತಕ್ಷಣವೇ ಲೀಟರಿಗೆ ನೂರು ಮೈಕ್ರೋಗ್ರಾಂ ದಾಟಿತ್ತು, ಬೆಳಗಾಗುವಷ್ಟರಲ್ಲಿ ಅದರ ಹಲವು ಪಟ್ಟು. ಪುಡಿಗಳು ನಿರ್ದೋಷಿಗಳು.

ಇಂಥ ಕಡೆಯೇ ನಮ್ಮ ಪಟ್ಟಿ ಕೆಲಸಕ್ಕೆ ಬರುವುದು. ಕೋಟಿ ಬೆಲೆಯ ಐಸಿಪಿ-ಎಂಎಸ್ ಯಂತ್ರ ಇದಕ್ಕಿಂತ ಎಷ್ಟೋ ಮೇಲು, ತವರವನ್ನೂ ಸೀಸವನ್ನೂ ತೂಕದ ಮೇಲೆ ಬೇರೆ ಮಾಡಿ ಎಣಿಸುತ್ತದೆ, ತಕರಾರೇ ಇಲ್ಲ. ಆದರೆ ಹೊರಗೆ ಕೊಟ್ಟರೆ ಒಂದೊಂದು ಮಾದರಿಗೂ ದುಡ್ಡು, ಸರದಿ. ಈ ಪಾತ್ರೆ, ಆ ಪುಡಿ, ಸಂಜೆ, ಬೆಳಿಗ್ಗೆ ಅಂತ ಮನಸ್ಸು ಬಂದಂತೆ ಕೇಳುತ್ತಾ ಹೋಗುವ ಹಾಗಿಲ್ಲ. ಪಟ್ಟಿಯಿಂದ ಹುಡುಕಾಟ ಕಿರಿದು ಮಾಡಿಕೊಂಡು ಕೊನೆಗೆ ಮುಖ್ಯವಾದ ಕೆಲವೇ ಮಾದರಿಗಳನ್ನು ಐಸಿಪಿ-ಎಂಎಸ್‌ಗೆ ಕಳಿಸಿದೆವು. ಅಲ್ಲಿಯೂ ಸೀಸವೇ. ಅಂಕಿ ನಮ್ಮದಕ್ಕಿಂತ ಸ್ವಲ್ಪ ಮೇಲೆ, ಬಿಳಿ ಮಡ್ಡಿಯ ಲೆಕ್ಕಕ್ಕೆ ಸರಿಹೊಂದುವಷ್ಟು.

ಕಲಾಯಿವಾಲಾ ಸಿಕ್ಕಿದ. ಜಗಳವೇನೂ ಆಗಲಿಲ್ಲ. ತಾನು ಬಳಸುವ ಕಡ್ಡಿಯ ತುಂಡೊಂದನ್ನು ಅವನೇ ಕೊಟ್ಟ. ಗುಜರಿಯವನು ತವರ ಅಂತಲೇ ಕೊಟ್ಟದ್ದಂತೆ, ಬೇಗ ಕರಗುತ್ತದೆ, ಚೆನ್ನಾಗಿ ಹರಡುತ್ತದೆ ಅಂದ. ಅವನ ಮಾತಿನಲ್ಲೇ ಉತ್ತರ ಇತ್ತು. ಶುದ್ಧ ತವರ ಕರಗುವುದು 232 ಡಿಗ್ರಿಗೆ. ಸೀಸ ಬೆರೆತ ಬೆಸುಗೆ ಲೋಹ 183ಕ್ಕೇ ಮೆತ್ತಗಾಗತೊಡಗುತ್ತದೆ. ತವರದ ಬೆಲೆ ಸೀಸಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ.

ಆ ತುಂಡನ್ನು ಕಸಬಾ ಪೇಠೆಯ ತಾಂಬಟ್ ಆಳಿಗೆ ಒಯ್ದೆ. ಪೇಶ್ವೆಯರ ಕಾಲದಿಂದ ತಾಮ್ರದ ಕೆಲಸದವರು ಇರುವ ಓಣಿ ಅದು, ಕಾಲಿಟ್ಟರೆ ಸುತ್ತಿಗೆ ಸದ್ದು. ವಯಸ್ಸಾದ ಕುಶಲಿಗರೊಬ್ಬರು ಮೊದಲು ತಮ್ಮ ಡಬ್ಬದಿಂದ ಒಂದು ತವರದ ಕಡ್ಡಿ ತೆಗೆದು ನನ್ನ ಕಿವಿ ಹತ್ತಿರ ಹಿಡಿದು ಬಗ್ಗಿಸಿದರು. ಚರಚರ ಅಂತ ಸಣ್ಣಗೆ ಕೂಗಿತು. ತವರದ ಹರಳುಗಳು ಬಗ್ಗುವಾಗ ಮಾಡುವ ಸದ್ದು ಅದು. ಆಮೇಲೆ ನಾನು ತಂದ ತುಂಡನ್ನು ಬಗ್ಗಿಸಿದರು. ಸದ್ದೇ ಇಲ್ಲ. ರಸೀದಿ ಪುಸ್ತಕದ ಹಾಳೆಯ ಮೇಲೆ ಗೀಚಿದರು, ಪೆನ್ಸಿಲಿನ ಹಾಗೆ ಬೂದು ಗೆರೆ ಮೂಡಿತು. ತಿರುಗಿಸಿ ಕೊಟ್ಟು ಮರಾಠಿಯಲ್ಲಿ "ಇದು ರೇಡಿಯೋ ರಿಪೇರಿಯವರ ಮಾಲು" ಅಂದರು.

ಲ್ಯಾಬಿಗೆ ಬಂದು ಇನ್ನೊಂದು ಸುಲಭದ ಕೆಲಸ ಮಾಡಿದೆವು. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಮೊದಲು ತುಂಡಿನ ತೂಕ. ಆಮೇಲೆ ನೀರು ತುಂಬಿದ ಲೋಟ ಇಟ್ಟು ಸೊನ್ನೆ ಮಾಡಿ, ತುಂಡನ್ನು ದಾರದಲ್ಲಿ ಕಟ್ಟಿ ತಳ ತಾಗದಂತೆ ಮುಳುಗಿಸಬೇಕು. ತಕ್ಕಡಿ ತೋರಿಸುವಷ್ಟು ಗ್ರಾಮೇ ತುಂಡಿನ ಗಾತ್ರ, ಘನ ಸೆಂಟಿಮೀಟರಿನಲ್ಲಿ. ಭಾಗಿಸಿದರೆ ಸಾಂದ್ರತೆ. ತವರದ್ದು 7.3, ಸೀಸದ್ದು 11.3. ಈ ತುಂಡಿನದು 8.5ರ ಹತ್ತಿರ ಬಂತು. ಅದು ನೂರಕ್ಕೆ ಅರವತ್ತು ತವರ, ನಲವತ್ತು ಸೀಸ ಇರುವ ಸಾಧಾರಣ ಬೆಸುಗೆ ಕಡ್ಡಿಯ ಸಾಂದ್ರತೆ.

ವೈನಿಗೆ ಇದನ್ನು ಹೇಳಿದಾಗ ಮೊದಲು ಕೇಳಿದ್ದು ಮಗನ ಬಗ್ಗೆ ಅಲ್ಲ. "ಡಬ್ಬಿ ಹುಡುಗ್ರಿಗೆ ಏನಂತ ಹೇಳ್ಲಿ?" ಅಂದರು. ಹೇಳದೇ ಸುಮ್ನೆ ಪಾತ್ರೆ ಬದಲಿಸಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಂಡ ಹೆಂಡತಿ ರಾತ್ರಿ ಕೂತು ಮಾತಾಡಿಕೊಂಡು ಎಲ್ಲರಿಗೂ ಹೇಳಿದರು. ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಅಂದರು. ಕೆಲವರು ಡಬ್ಬಿ ನಿಲ್ಲಿಸಿದರು. ದೊಡ್ಡವರ ಕರುಳು ಮಕ್ಕಳಷ್ಟು ಸೀಸ ಹೀರುವುದಿಲ್ಲ, ಆದರೂ ಗರ್ಭಿಣಿಯರ ಮಾತು ಬೇರೆ. ಅಂಥ ಒಂದು ಮನೆಗೆ ಡಬ್ಬಿ ಹೋಗುತ್ತಿತ್ತು. ಅವರಿಗೆ ಮೊದಲು ಫೋನು ಹೋಯಿತು.

ದೊಡ್ಡ ಬೋಗುಣಿಯ ಸೀಸದ ಕಲಾಯಿ ತೆಗೆಸಿ ತಾಂಬಟ್ ಆಳಿಯಲ್ಲಿ ಕೂಗುವ ತವರದಿಂದಲೇ ಹೊಸದು ಹಾಕಿಸಿದರು. ಅದರಲ್ಲಿ ಕುದಿಸಿದ ಸಾರು ಪಟ್ಟಿಯಲ್ಲಿ ಸ್ಟೀಲಿನದಕ್ಕೆ ಹತ್ತಿರ ಬಂತು. ಆದರೂ ರಾತ್ರಿ ಸಾರು ಈಗ ಸ್ಟೀಲಿಗೆ ಬಗ್ಗಿಸಿಡುತ್ತಾರೆ. ಗಲ್ಲಿಯ ಬೇರೆ ಮನೆಗಳ ಪಾತ್ರೆಗಳನ್ನೂ ನೋಡಿಕೊಡುತ್ತೇವೆ ಅಂದೆವು. ಹುಣಸೆನೀರು ಹಾಕಿ ಒಂದು ರಾತ್ರಿ ಇಟ್ಟು, ಒಂದು ಚಿಕ್ಕ ಬಾಟಲಿ ಕೊಟ್ಟರೆ ಸಾಕು. ಬಹಳ ಮಂದಿ ಕೊಟ್ಟರು. ಒಬ್ಬ ಅಜ್ಜಿ ಮಾತ್ರ ನಮ್ಮ ಪಾತ್ರೆಗೆ ಏನೂ ಆಗಿಲ್ಲ, ನಡೀರಿ ಅಂತ ಬಾಗಿಲಲ್ಲೇ ಕಳಿಸಿದರು.

ಕಲಾಯಿವಾಲಾ ಆ ಕಡ್ಡಿ ಬಿಟ್ಟಿದ್ದಾನೆ. ತಿದಿ ಊದುತ್ತಾ ಬೆಸುಗೆ ಲೋಹದ ಧೂಳು, ಹೊಗೆ ಕುಡಿದವನು ಅವನೇ ಜಾಸ್ತಿ, ಹಾಗಾಗಿ ರಕ್ತ ಪರೀಕ್ಷೆಗೆ ದುಡ್ಡು ನಾವು ಕೊಡುತ್ತೇವೆ ಬಾ ಅಂದಿದ್ದೇವೆ. ಇನ್ನೂ ಬಂದಿಲ್ಲ. ಹುಡುಗನ ರಕ್ತದ ಸೀಸ ಕೆಲವು ತಿಂಗಳಲ್ಲಿ 10ರ ಕೆಳಗೆ ಇಳಿದಿದೆ, 5ರ ಮೇಲೇ ಇದೆ. ರಕ್ತದಿಂದ ಸೀಸ ತಿಂಗಳುಗಳಲ್ಲಿ ಇಳಿಯುತ್ತದೆ, ಮೂಳೆ ಸೇರಿದ್ದು ವರ್ಷಗಟ್ಟಲೆ ಮೆಲ್ಲಗೆ ಬಿಡುತ್ತಿರುತ್ತದೆ. ಹಿಮೋಗ್ಲೋಬಿನ್ ಏರುತ್ತಿದೆ. ಸಿರಪ್ ಮುಂದುವರಿಸಿ, ದೀಪಾವಳಿ ಆದ ಮೇಲೆ ಇನ್ನೊಮ್ಮೆ ನೋಡಿಸಿ ಅಂತ ಡಾಕ್ಟರು ಹೇಳಿದ್ದಾರೆ.